ಮಲಗಿಸಿ ತೆಗೆದ ಮಂಡಿಯ ಫಿಲ್ಮು

ಹೋದ ತಿಂಗಳು ನನ್ನ ಬಲಮಂಡಿಯ ಎಕ್ಸ್‌ರೇ ತೆಗೆಸಲು ಮೈಸೂರಿನ ಒಂದು ಲ್ಯಾಬಿಗೆ ಹೋಗಿದ್ದೆ. ಊರವರ ಮೂಳೆಗಳ ಚಿತ್ರ ತೆಗೆದೇ ಬದುಕು ಸಾಗಿಸಿದವನು ಈಗ ಚೀಟಿ ಹಿಡಿದು ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಕರೆದ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಮಂಡಿನೋವಿಗೆ ಸಾಕಾಗಿದ್ದ ನಾನು ಸೀದಾ ಹೋಗಿ ಮೇಜಿನ ಮೇಲೆ ಮಲಗಲು ನೋಡಿದೆ.

"ಮಲಗ್ಬೇಡಿ ಅಂಕಲ್. ಮಂಡಿಗೆ ನಿಂತೇ ತೆಗೀಬೇಕು. ಮಲಗಿದ್ರೆ ಸವೆದಿರೋದು ಗೊತ್ತಾಗಲ್ಲ," ಅಂದಳು.

ನನಗೇ ಪಾಠ ಹೇಳುತ್ತಿದ್ದಾಳಲ್ಲ ಎಂದು ನಗು ಬರಬೇಕಿತ್ತು. ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅವಳು ಗುಂಡಿ ಒತ್ತುವವರೆಗೆ ಹಳೆಯ ಆಸ್ಪತ್ರೆಯ ಆಯಾ ಮಹದೇವಮ್ಮನವರೇ ಕಣ್ಣ ಮುಂದೆ ಇದ್ದರು.

ತೊಂಬತ್ತರ ದಶಕದ ಕೊನೆಯ ಭಾಗ ಅದು. ನನಗೆ ಇಪ್ಪತ್ತಾರು ವರ್ಷ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ಒಂದು ಟ್ರಸ್ಟಿನವರು ಮೂವತ್ತು ಹಾಸಿಗೆಯ ಆಸ್ಪತ್ರೆ ನಡೆಸುತ್ತಿದ್ದರು. ಆ ಟ್ರಸ್ಟೂ ಈಗ ಇಲ್ಲ, ಆಸ್ಪತ್ರೆಯೂ ಇಲ್ಲ. ಕಟ್ಟಡದಲ್ಲಿ ಗೊಬ್ಬರದ ಮೂಟೆ ತುಂಬಿದ್ದಾರೆ. ನಾನು ಅಲ್ಲಿ ಎಕ್ಸ್‌ರೇ ತೆಗೆಯುವವನಾಗಿದ್ದೆ. ನಂಜನಗೂಡಿನಲ್ಲಿ ಒಂದು ರೂಮು ಮಾಡಿಕೊಂಡು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಅಂಗಿ ಎಷ್ಟು ಒಗೆದರೂ ಫಿಲ್ಮು ತೊಳೆಯುವ ಹೈಪೋ ನೀರಿನ ಹುಳಿ ವಾಸನೆ ಹೋಗುತ್ತಿರಲಿಲ್ಲ.

ಆ ವರ್ಷ ಮಳೆ ಬೇಗ ಹಿಡಿಯಿತು. ಕಾಲುವೆಗೆ ನೀರು ಬಿಟ್ಟರು. ಬಸ್ಸಿನ ಕಿಟಕಿಯಿಂದ ಎರಡೂ ಕಡೆ ನೋಡಿದರೆ ಕೆಸರುಗದ್ದೆಯಲ್ಲಿ ಬಗ್ಗಿದ ಹೆಂಗಸರ ಬೆನ್ನುಗಳ ಸಾಲು. ನಾಟಿ ಮುಗಿಯುವ ಹೊತ್ತಿಗೆ ಅವರೇ ಆಸ್ಪತ್ರೆಯ ಜಗಲಿಯ ಮೇಲೆ ಸಾಲಾಗಿ ಕಾಲು ನೀಡಿಕೊಂಡು ಕುಳಿತಿರುತ್ತಿದ್ದರು. ಎಲ್ಲರದೂ ಒಂದೇ ದೂರು. ಕೂತರೆ ಏಳಕ್ಕಾಗಲ್ಲ, ಎದ್ದರೆ ಕೂರಕ್ಕಾಗಲ್ಲ, ಮೆಟ್ಟಿಲು ಇಳಿಯುವಾಗ ಜೀವ ಹೋಗುತ್ತೆ.

ಅವರನ್ನು ನೋಡುತ್ತಿದ್ದವರು ನಾವೆಲ್ಲ ದೊಡ್ಡ ಡಾಕ್ಟರು ಎಂದು ಕರೆಯುತ್ತಿದ್ದ ವಯಸ್ಸಾದ ಮೂಳೆ ವೈದ್ಯರು. ಆಸ್ಪತ್ರೆಯ ಉಸ್ತುವಾರಿಯೂ ಅವರದೇ. ಅವರ ಮೇಜಿನ ಡ್ರಾಯರಿನಲ್ಲಿ ಹಳೆಯದಾಗಿ ಕಂದು ಬಣ್ಣಕ್ಕೆ ತಿರುಗಿದ ಮಂಡಿಯ ಮೂಳೆಗಳಿದ್ದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಕೂರಿಸಿಕೊಂಡು ಅವನ್ನು ಕೈಗೆ ಕೊಟ್ಟಿದ್ದರು.

"ನೋಡಯ್ಯ, ಮೇಲಿಂದು ತೊಡೆಮೂಳೆ. ತುದೀಲಿ ಎರಡು ಉಬ್ಬು ಇದೆಯಲ್ಲ, ಅವು ಬಂದು ಕೂತ್ಕೊಳ್ಳೋದು ಈ ಕೆಳಗಿನ ಮೂಳೆಯ ತಟ್ಟೆ ಮೇಲೆ. ಆ ತಟ್ಟೆಯೋ ಹೆಚ್ಚುಕಡಿಮೆ ಸಪಾಟು. ಉಬ್ಬು ಜಾರದ ಹಾಗೆ ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆ ಇರ್ತವೆ. ಒಳಗಡೆ ಅಡ್ಡಡ್ಡ ಕಟ್ಟಿದ ಎರಡು ಹುರಿ, ಪಕ್ಕಕ್ಕೊಂದೊಂದು ಹುರಿ. ಮುಂದೆ ಈ ಚಿಪ್ಪು. ಮೂಳೆಗಳ ತುದಿಗೆಲ್ಲ ನುಣ್ಣನೆಯ ಮೃದ್ವಸ್ಥಿ ಬಳಿದಿರುತ್ತೆ, ಎಳನೀರು ಬುರುಡೆಯೊಳಗಿನ ಗಂಜಿ ಥರ. ಅದರಲ್ಲಿ ನರ ಇಲ್ಲ, ರಕ್ತನಾಳ ಇಲ್ಲ. ಸವೆಯೋವಾಗ ಹೇಳ್ಕೊಳ್ಳಲ್ಲ. ನೋವು ಗೊತ್ತಾಗೋ ಹೊತ್ತಿಗೆ ಬಹಳ ಸವೆದಿರುತ್ತೆ. ಸವೆದದ್ದು ಮತ್ತೆ ಬೆಳೆಯೋದೂ ಇಲ್ಲ."

ಇನ್ನೊಂದು ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೋ. "ಫಿಲ್ಮಲ್ಲಿ ಎರಡು ಮೂಳೆ ನಡುವೆ ಕಪ್ಪಗೆ ಸಂದು ಕಾಣುತ್ತಲ್ಲ, ಅದು ಖಾಲಿ ಜಾಗ ಅಲ್ಲ. ಮೃದ್ವಸ್ಥಿ ಎಕ್ಸ್‌ರೇಗೆ ಕಾಣಲ್ಲ ಅಷ್ಟೆ. ಸಂದು ಎಷ್ಟಿದೆಯೋ ಮಂಡಿಗೆ ಆಯಸ್ಸು ಅಷ್ಟಿದೆ. ಆದರೆ ಮಲಗಿಸಿ ತೆಗೆದರೆ ಮಂಡಿ ಮೇಲೆ ಭಾರ ಇರಲ್ಲ, ಸಂದು ತೆರೆದುಕೊಂಡು ಚೆನ್ನಾಗೇ ಕಾಣುತ್ತೆ. ನಿಲ್ಲಿಸಿ ತೆಗಿ. ಮೈಭಾರ ಬಿದ್ದಾಗಲೇ ಮಂಡಿ ನಿಜ ಹೇಳೋದು."

ನಮ್ಮ ಹಳೆಯ ಯಂತ್ರದಲ್ಲಿ ನಿಲ್ಲಿಸಿ ತೆಗೆಯುವುದು ಸುಲಭವಿರಲಿಲ್ಲ. ಬಡಗಿಯ ಕೈಲಿ ಎರಡು ಮೆಟ್ಟಿಲಿನ ಮರದ ಪೀಠ ಮಾಡಿಸಿಕೊಂಡಿದ್ದೆವು. ನೋವಿನವರನ್ನು ಅದರ ಮೇಲೆ ಹತ್ತಿಸಿ, ಬೀಳದಂತೆ ಹಿಡಿದು, ಫಿಲ್ಮಿನ ಕ್ಯಾಸೆಟ್ಟನ್ನು ಮಂಡಿಯ ಹಿಂದೆ ಆನಿಸುವುದಕ್ಕೆ ಇನ್ನೊಬ್ಬರು ಬೇಕಾಗುತ್ತಿತ್ತು. ಆ ಇನ್ನೊಬ್ಬರು ಮಹದೇವಮ್ಮ.

ದೇವನೂರಿನ ಕಡೆಯವರು. ಆಯಾ ಕೆಲಸ. ಹನ್ನೊಂದು ವರ್ಷದಿಂದ ದಿನಗೂಲಿ. ಅದಕ್ಕೂ ಮೊದಲು ಬನ್ನೂರಿನ ಸುತ್ತ ನಾಟಿಗೆ, ಕಬ್ಬು ಕಡಿಯುವುದಕ್ಕೆ ಹೋದವರು. ಗಂಡ ಸತ್ತ ಮೇಲೆ ತಂಗಿಯ ಮನೆಯಲ್ಲಿದ್ದರು. ವಯಸ್ಸು ರಿಜಿಸ್ಟರಿನಲ್ಲಿ ನಲವತ್ತೈದು, ಮುಖ ನೋಡಿದರೆ ಇನ್ನೂ ಐದಾರು ವರ್ಷ ಹೆಚ್ಚು. ಹೆರಿಗೆಗೆ ಬಂದವರು ನರ್ಸನ್ನು ಬಿಟ್ಟು ಇವರ ಕೈಯನ್ನೇ ಹಿಡಿದುಕೊಳ್ಳುತ್ತಿದ್ದರು. ನಾನು ಮಧ್ಯಾಹ್ನ ಬನ್ನು ತಿಂದು ನೀರು ಕುಡಿಯುವುದನ್ನು ಒಂದು ದಿನ ನೋಡಿದ ಮೇಲೆ ಅವರ ಬುತ್ತಿಯಲ್ಲಿ ಒಂದು ಮುದ್ದೆ ಹೆಚ್ಚಿಗೆ ಬರತೊಡಗಿತು.

"ಉಳ್ಳಿಕಾಳ್ ಸಾರು ಕಣ್ ಮಗ. ಉಣ್ಣು. ಆ ಕತ್ಲೆ ರೂಮಲ್ಲಿ ಕೂತು ಕೂತು ನೀನೂ ಫಿಲ್ಮಿನಂಗೆ ಆಗ್ಬುಟ್ಟಿದ್ದೀಯ, ಮೂಳೆನೇ ಕಾಣ್ತದೆ."

ಅವರ ಮಂಡಿ ಸರಿಯಿಲ್ಲ ಎಂದು ನನಗೆ ಮೊದಲೇ ಅನುಮಾನವಿತ್ತು. ನೆಲ ಒರೆಸಿ ಏಳುವಾಗ ಮಂಚದ ಕಂಬಿ ಹಿಡಿಯುತ್ತಿದ್ದರು. ಮೆಟ್ಟಿಲು ಇಳಿಯುವಾಗ ಯಾರಾದರೂ ನೋಡುತ್ತಿದ್ದರೆ ನಿಂತು ಸೆರಗು ಸರಿಮಾಡಿಕೊಳ್ಳುವರು, ಅವರು ಹೋದ ಮೇಲೆ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿಯುವರು. ಕೇಳಿದರೆ "ಏನಿಲ್ಲ, ಚಳಿಗೆ ಇಡ್ಕತದೆ" ಎಂದು ನಕ್ಕುಬಿಡುತ್ತಿದ್ದರು.

ಶ್ರಾವಣದಲ್ಲಿ ಟ್ರಸ್ಟಿನ ಕಾರ್ಯದರ್ಶಿ ಬಂದು, ಏಳು ಜನ ಆಯಾಗಳಲ್ಲಿ ನಾಲ್ವರನ್ನು ಖಾಯಂ ಮಾಡುತ್ತೇವೆ, ಉಳಿದವರನ್ನು ಬಿಡಿಸುತ್ತೇವೆ ಎಂದು ಹೇಳಿ ಹೋದರು. ಖಾಯಂ ಆಗುವವರಿಗೆ ದೊಡ್ಡ ಡಾಕ್ಟರು ಆರೋಗ್ಯ ಸರಿಯಿದೆ ಎಂದು ಬರೆದುಕೊಡಬೇಕು. ಹಿರಿತನದಲ್ಲಿ ಮಹದೇವಮ್ಮನೇ ಮೊದಲು. ಆದರೆ ಅವರು ಮೆಟ್ಟಿಲಿಳಿಯುವುದನ್ನು ಡಾಕ್ಟರು ಎಂದೋ ನೋಡಿಬಿಟ್ಟಿದ್ದರು. ಸಹಿ ಹಾಕುವ ಬದಲು ಒಂದು ಚೀಟಿ ಬರೆದರು. ಎರಡೂ ಮಂಡಿ, ನಿಲ್ಲಿಸಿ.

ಚೀಟಿ ಹಿಡಿದು ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ. ದಿನವೂ ಬೇರೆಯವರನ್ನು ಹತ್ತಿಸುತ್ತಿದ್ದ ಪೀಠವನ್ನು ತಾವೇ ಹತ್ತಿದರು. ಹಿಡಿದುಕೊಳ್ಳುವವರು ಯಾರೂ ಇಲ್ಲದೆ ಗೋಡೆಗೆ ಕೈಯೂರಿ ನಿಂತರು. ಫಿಲ್ಮು ತೆಗೆದು ಕತ್ತಲೆ ಕೋಣೆಗೆ ಹೋದೆ. ಕೆಂಪು ದೀಪದಲ್ಲಿ ನೀರಿನೊಳಗಿಂದ ಚಿತ್ರ ಮೇಲೆದ್ದು ಬಂತು. ಎಡಮಂಡಿಯಲ್ಲಿ ಒಳಮಗ್ಗುಲಿನ ಸಂದು ಇರಲೇ ಇಲ್ಲ. ಮೂಳೆಯ ಮೇಲೆ ಮೂಳೆ ಕೂತಿತ್ತು. ಅಂಚಿನಲ್ಲಿ ಸಣ್ಣ ಮುಳ್ಳು ಎದ್ದಿತ್ತು. ಬಲಮಂಡಿಯಲ್ಲಿ ದಾರದೆಳೆಯಷ್ಟು ಕಪ್ಪು ಉಳಿದಿತ್ತು.

ಹೊರಗೆ ಬಂದಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಓಯ್ತಾ?" ಅಂದರು.

"ಎಡಗಡೇದು ಪೂರ್ತಿ ಸವೆದಿದೆ ಮಹದೇವಮ್ಮ."

ಹೊರಗೆ ಮಳೆ ಸುರಿಯುತ್ತಿತ್ತು. ಅವರು ಮೇಜಿನ ಕಡೆ ಕಣ್ಣು ಹಾಯಿಸಿ ಕೇಳಿದರು. "ಮಲಗಿಸ್ಕಂಡ್ ತಗುದ್ರೆ ಚೆಂದಾಗಿ ಬತ್ತದಲ್ವ ಮಗ? ನೀನೇ ಯಾರ್ಗೋ ಯೋಳ್ತಿದ್ದೆ."

ನಾನು ಅವರ ಚೀಟಿಯನ್ನೇ ಮತ್ತೆ ಓದಿದೆ.

"ಕೆಲ್ಸಕ್ಕೇನೂ ಮೋಸ ಮಾಡಕಿಲ್ಲ ಕಣಪ್ಪ. ಅನ್ನೊಂದ್ ವರ್ಸ ಒಂದಿನಾನಾರ ಕುಂಟ್ಕಂಡು ಕೆಲ್ಸ ಬುಟ್ಟಿದ್ದೀನಾ? ಇನ್ ಗದ್ದೆಗಿಳಿಯಕ್ಕೆ ನನ್ ಕೈಲಿ ಆಗಕಿಲ್ಲ. ಇದೂ ಓದ್ರೆ ತಂಗಿ ಮನೇಲಿ ಬಿಟ್ಟಿ ಅನ್ನ ತಿನ್ಬೇಕಾಯ್ತದೆ."

ಆ ಕ್ಷಣದಲ್ಲಿ ಅವರು ಅತ್ತಿದ್ದರೆ ನಾನು ಗಟ್ಟಿಯಾಗಿರುತ್ತಿದ್ದೆನೋ ಏನೋ. ಅವರು ಅಳಲಿಲ್ಲ. ಸೆರಗಿನ ತುದಿಯಿಂದ ಪೀಠದ ಮೇಲೆ ತಮ್ಮ ಪಾದದಿಂದ ಬಿದ್ದ ನೀರು ಒರೆಸುತ್ತಿದ್ದರು. ನಾನು ಇನ್ನೊಂದು ಕ್ಯಾಸೆಟ್ ತುಂಬಿಕೊಂಡು ಬಂದೆ. ಮೇಜಿನ ಮೇಲೆ ಮಲಗಿಸಿದೆ. ಮುಳ್ಳುಗಳು ಮಸುಕಾಗಲಿ ಎಂದು ಕಿರಣ ಸ್ವಲ್ಪ ಹೆಚ್ಚಿಗೆ ಬಿಟ್ಟೆ. ಎರಡನೆಯ ಫಿಲ್ಮಿನಲ್ಲಿ ಎರಡೂ ಮಂಡಿಗೆ ಸಂದು ತೆರೆದುಕೊಂಡಿತ್ತು. ಅದು ಅವರದೇ ಮಂಡಿ, ಅದರಲ್ಲಿ ಯಾವ ಗೆರೆಯನ್ನೂ ನಾನು ತಿದ್ದಿರಲಿಲ್ಲ. ಆದರೂ ಅದು ಸುಳ್ಳು.

ಡಾಕ್ಟರು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. "ಪರವಾಗಿಲ್ಲವಲ್ಲ. ನಾನು ಇನ್ನೂ ಕೆಟ್ಟದಾಗಿರುತ್ತೆ ಅಂದ್ಕೊಂಡಿದ್ದೆ. ನಿಲ್ಲಿಸಿ ತೆಗೆದದ್ದು ತಾನೆ?"

"ಹೌದು ಸಾರ್."

ಅಷ್ಟೇ ಮಾತು. ಅವರು ಸಹಿ ಹಾಕಿದರು. ಮೊದಲನೆಯ ಫಿಲ್ಮನ್ನು ಹರಿದುಹಾಕಲು ನನಗೆ ಕೈಬರಲಿಲ್ಲ. ಒಂದು ಹಳೆಯ ಲಕೋಟೆಗೆ ಹಾಕಿ ಕಪಾಟಿನ ಹಿಂದೆ ತೂರಿಸಿಟ್ಟೆ.

ಗೌರಿಹಬ್ಬದ ಹೊತ್ತಿಗೆ ಮಹದೇವಮ್ಮ ನೀಲಿ ಅಂಚಿನ ಬಿಳಿಸೀರೆ ಉಟ್ಟು ಬಂದರು. ಎಲ್ಲರಿಗೂ ಕಡ್ಲೆಪುರಿ ಹಂಚಿದರು. ನನ್ನ ಕೈಗೆ ಕೊಡುವಾಗ ಮಾತ್ರ ಕಣ್ಣು ಕೆಳಗಿತ್ತು. ನಾವಿಬ್ಬರೂ ಯೋಚಿಸದೇ ಇದ್ದದ್ದು ಒಂದಿತ್ತು. ಖಾಯಂ ಆದವರನ್ನೇ ಮಹಡಿಯ ಹೆರಿಗೆ ವಾರ್ಡಿಗೆ ಹಾಕುತ್ತಿದ್ದರು. ಇಪ್ಪತ್ತೆರಡು ಮೆಟ್ಟಿಲು. ಆಸ್ಪತ್ರೆಗೆ ಲಿಫ್ಟಿರಲಿಲ್ಲ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದರೋ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಎಡಮಂಡಿ ಊದಿಕೊಂಡಿರುವುದು ಸೀರೆಯ ಮೇಲಿಂದಲೇ ತಿಳಿಯುತ್ತಿತ್ತು. ನಾನು ಮಾತ್ರೆ ತಂದುಕೊಡುತ್ತಿದ್ದೆ. ಅವರು ನುಂಗಿ ಮತ್ತೆ ಹತ್ತುತ್ತಿದ್ದರು.

ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ. ಬನ್ನೂರಿನ ಹತ್ತಿರದ ಒಂದು ಹಳ್ಳಿಯ ಸುಧಾ ಎಂಬ ಹುಡುಗಿಗೆ ಸಿಸೇರಿಯನ್ ಆಗಿ ಮೂರನೆಯ ದಿನ. ಜ್ವರ, ಕೆಮ್ಮು ಬಂದಿತ್ತು. ಎದೆಯ ಎಕ್ಸ್‌ರೇಗೆ ಕೆಳಗೆ ಕರೆತರಲು ಹೇಳಿದ್ದರು. ನಾನು ಕ್ಯಾಸೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸ್ಟ್ರೆಚರಿನ ಮೇಲ್ತುದಿಯನ್ನು ಸುಧಾಳ ಗಂಡ ಮತ್ತು ಇನ್ನೊಬ್ಬ ಆಯಾ, ಕೆಳತುದಿಯನ್ನು ಅಟೆಂಡರ್ ರಾಜಣ್ಣ ಮತ್ತು ಮಹದೇವಮ್ಮ ಹಿಡಿದಿದ್ದರು. ಇಳಿಯುವಾಗ ಭಾರವೆಲ್ಲ ಕೆಳತುದಿಗೇ ಬರುತ್ತದೆ. ಮಳೆಯಲ್ಲಿ ಬಂದವರ ಕಾಲಿನಿಂದ ಮೆಟ್ಟಿಲು ಒದ್ದೆಯಾಗಿತ್ತು.

ನಡುವಿನ ತಿರುವು ದಾಟಿ ನಾಲ್ಕನೆಯ ಮೆಟ್ಟಿಲಿನಲ್ಲಿ ಮಹದೇವಮ್ಮನವರ ಎಡಗಾಲು ಮಡಚಿಕೊಂಡಿತು. ಜಾರಲಿಲ್ಲ. ನಾನು ಕಣ್ಣಾರೆ ನೋಡಿದೆ, ಪಾದ ನೆಟ್ಟಲ್ಲೇ ಇತ್ತು, ಮಂಡಿ ಕುಸಿಯಿತು. ಸ್ಟ್ರೆಚರು ಒಂದು ಮಗ್ಗುಲಿಗೆ ವಾಲಿತು. ಸುಧಾ ಹೊಟ್ಟೆ ಹಿಡಿದುಕೊಂಡೇ ಮೆಟ್ಟಿಲುಗಳ ಮೇಲೆ ಉರುಳಿದಳು. ಅವಳ ಕೂಗು ಒಂದೇ ಸಲ ಬಂತು, ಆಮೇಲೆ ಬರಲಿಲ್ಲ.

ಹೊಲಿಗೆ ಬಿಚ್ಚಿಹೋಗಿತ್ತು. ಡಾಕ್ಟರು ಬಟ್ಟೆ ಒತ್ತಿ ಕಟ್ಟಿ, ಆಂಬುಲೆನ್ಸಿನಲ್ಲಿ ತಾವೂ ಕೂತು ಮೈಸೂರಿಗೆ ಕರೆದುಕೊಂಡು ಹೋದರು. ಮಗು ಅಜ್ಜಿಯ ಮಡಿಲಲ್ಲಿ ಮಹಡಿಯ ಮೇಲಿತ್ತು, ಅದಕ್ಕೇನೂ ಆಗಲಿಲ್ಲ. ಮಹದೇವಮ್ಮ ಗೋಡೆಗೊರಗಿ ಮೆಟ್ಟಿಲ ಮೇಲೇ ಕುಳಿತಿದ್ದರು. ಮಂಡಿ ಬೇಲದ ಹಣ್ಣಿನಂತೆ ಊದಿತ್ತು. "ಆ ಕೂಸು... ಆ ಕೂಸು ಬದ್ಕ್ತದಾ?" ಎಂದಷ್ಟೇ ಕೇಳುತ್ತಿದ್ದರು. ಕೂಸು ಅಂದದ್ದು ಸುಧಾಳನ್ನು.

ಸುಧಾ ಬದುಕಿದಳು. ಮತ್ತೆ ಆಪರೇಷನ್ ಆಗಿ, ಕೀವು ಕಟ್ಟಿ, ತಿಂಗಳ ಮೇಲೆ ಮೈಸೂರಿನಲ್ಲಿದ್ದಳು.

ಅವಳ ಕಡೆಯವರು ಬಂದು ಗಲಾಟೆ ಮಾಡಿದರು. ಟ್ರಸ್ಟಿನವರು ವಿಚಾರಣೆ ಇಟ್ಟರು. ಮಹದೇವಮ್ಮನನ್ನು ಆಟೋದಲ್ಲಿ ಕರೆತಂದು ಕುರ್ಚಿಯ ಮೇಲೆ ಕೂರಿಸಿದರು. ಕಾರ್ಯದರ್ಶಿ ಕೇಳಿದರು, "ಏನಮ್ಮ, ಹೇಗೆ ಬೀಳಿಸಿದೆ?"

"ಕಾಲ್ ಜಾರ್ತು ಸಾ."

"ಮಂಡಿನೋವು ಇತ್ತಾ?"

ನಾನು ಬಾಗಿಲ ಬಳಿ ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. "ಇಲ್ಲ ಸಾ. ಚೆನ್ನಾಗೇ ಇತ್ತು."

ಕಾರ್ಯದರ್ಶಿ ಆ ಫಿಲ್ಮನ್ನು ಎತ್ತಿ ತೋರಿಸಿದರು. "ಎರಡು ತಿಂಗಳ ಹಿಂದೆ ಮಂಡಿ ಸರಿಯಿದೆ ಅಂತ ಡಾಕ್ಟರೇ ಬರೆದಿದ್ದಾರೆ. ಹಾಗಾದರೆ ಇದು ಬರೀ ಅಜಾಗರೂಕತೆ." ಕೆಲಸದಿಂದ ತೆಗೆಯುವುದು, ತೆಗೆದದ್ದಕ್ಕೆ ಅಜಾಗರೂಕತೆಯೇ ಕಾರಣವೆಂದು ಬರೆಯುವುದು ಎಂದು ತೀರ್ಮಾನವಾಯಿತು. ಅವರ ಹೊಟ್ಟೆಪಾಡಿಗೆಂದು ನಾನು ತೆಗೆದ ಫಿಲ್ಮೇ ಅವರ ಕುತ್ತಿಗೆಗೆ ಬಂದಿತ್ತು.

ಅದೇ ವಾರ ದೇವನೂರಿನ ಕಡೆಗೆ ಹೋಗುವ ಬಸ್ಸು ಹತ್ತಿದೆ. ಅವರು ತಂಗಿಯ ಮನೆಯ ಜಗಲಿಯಲ್ಲಿ ಕಾಲು ನೀಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಮೊದಲನೆಯ ಫಿಲ್ಮು ನನ್ನ ಬಳಿ ಇದೆ, ಡಾಕ್ಟರಿಗೆ ಕೊಡುತ್ತೇನೆ ಎಂದೆ.

"ಬ್ಯಾಡ ಕಣ್ ಮಗ. ನನ್ದಂತೂ ಓಯ್ತು. ನಿನ್ನೂ ಓಡುಸ್ತಾರೆ."

"ನಿಮ್ಮದು ಬೇಜವಾಬ್ದಾರಿ ಅಂತ ಬರೀತಿದಾರಲ್ಲ?"

ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು. "ಅದೊಂದು ಮಾತು ಮಾತ್ರ ತಡಿಯಕ್ಕಾಗ್ತಿಲ್ಲ. ಯಾವ್ ಬಾಣ್ತಿನೂ ನಾನು ಅಂಗೆ ಇಡ್ದಿರ್ನಿಲ್ಲ." ಆಮೇಲೆ, "ಆದ್ರೂ ಬ್ಯಾಡ," ಅಂದರು.

ಅವರು ಬೇಡ ಅಂದದ್ದು ನನಗೆ ಎಷ್ಟು ಹಿತವಾಗಿತ್ತು ಎಂದು ಹೇಳಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ. ಅವರೇ ಬೇಡ ಅಂದರಲ್ಲ ಎಂದುಕೊಂಡು ಹನ್ನೊಂದು ದಿನ ಸುಮ್ಮನಿದ್ದೆ. ಬೆಳಗಿನ ಬಸ್ಸಿಗೆ ಹೋದೆ, ಸಂಜೆಯ ಬಸ್ಸಿಗೆ ಬಂದೆ. ಮರದ ಪೀಠದ ಮೇಲೆ ಹೆಂಗಸರನ್ನು ಹತ್ತಿಸಿ ಹಿಡಿದುಕೊಳ್ಳಲು ಹೊಸ ಆಯಾ ಬಂದಿದ್ದಳು. ಹನ್ನೆರಡನೆಯ ದಿನ ಅವಳು ಒಬ್ಬ ಮುದುಕಿಯನ್ನು ನಿಲ್ಲಿಸುತ್ತ, "ನಿಂತ್ರೇನೇ ನಿಜ ಕಾಣ್ತದಂತೆ ಕಣಜ್ಜಿ, ಸಾ ಯೋಳ್ತಾರೆ," ಅಂದಳು. ನನ್ನ ಮಾತನ್ನೇ ಒಪ್ಪಿಸಿದ್ದಳು. ಆ ಮುದುಕಿಯ ಫಿಲ್ಮು ಮುಗಿಸಿ, ಕಪಾಟಿನ ಹಿಂದಿನ ಲಕೋಟೆ ತೆಗೆದುಕೊಂಡು ಡಾಕ್ಟರ ಕೋಣೆಗೆ ಹೋದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಎರಡೂ ಫಿಲ್ಮನ್ನು ಅಕ್ಕಪಕ್ಕ ಸಿಕ್ಕಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಅವಳು ಮೆಟ್ಟಿಲಿಳಿಯೋದನ್ನ ನಾನೇ ನೋಡಿದ್ದೆ ಕಣಯ್ಯ. ಆ ನಡಿಗೆಗೂ ಈ ಫಿಲ್ಮಿಗೂ ಹೊಂದಲ್ಲ ಅಂತ ಅವತ್ತೇ ಅನ್ನಿಸ್ತು. ನಿನ್ನ ಕೇಳಿದೆ, ನೀನು ಹೌದು ಅಂದೆ. ಇನ್ನೊಂದು ಸಲ ಅವಳನ್ನೇ ಕರೆದು ಮಂಡಿ ಮುಟ್ಟಿ ನೋಡಬೇಕಿತ್ತು. ನೋಡಲಿಲ್ಲ." ಕನ್ನಡಕ ಮತ್ತೆ ಹಾಕಿಕೊಂಡರು. "ಆ ಹುಡುಗಿ ಸತ್ತಿದ್ದರೆ ಏನು ಮಾಡ್ತಿದ್ದೆ?"



ಟ್ರಸ್ಟಿನವರು ನನ್ನನ್ನು ತೆಗೆದರು. ಡಾಕ್ಟರು ತಮ್ಮ ತಪ್ಪನ್ನೂ ಸೇರಿಸಿ ಬರೆದುಕೊಟ್ಟ ಮೇಲೆ ಮಹದೇವಮ್ಮನ ಕಾಗದದಿಂದ ಅಜಾಗರೂಕತೆ ಎಂಬ ಮಾತು ಹೋಯಿತು, ಮಂಡಿಸವೆತದಿಂದ ಕೆಲಸಕ್ಕೆ ಅನರ್ಹ ಎಂದು ಬಂತು. ಕೆಲಸ ಮಾತ್ರ ಬರಲಿಲ್ಲ. ಮಂಡಿ ಬದಲಿಸುವ ಆಪರೇಷನ್ ಆಗ ನಮ್ಮ ಕಡೆಯವರಿಗೆ ಕೈಗೆಟುಕುವಂಥದ್ದಲ್ಲ. ಡಾಕ್ಟರು ಊದಿದ ಮಂಡಿಯಿಂದ ನೀರು ತೆಗೆದು, ತೊಡೆಯ ಸ್ನಾಯು ಗಟ್ಟಿಯಾಗಲು ಕಾಲು ನೀಡಿ ಬಿಗಿಹಿಡಿದು ಬಿಡುವ ಅಭ್ಯಾಸ ಹೇಳಿಕೊಟ್ಟು, ಒಂದು ಊರುಗೋಲು ಕೊಡಿಸಿದರು. ನನಗೆ ಮೈಸೂರಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕೇಳಿದಾಗ ನಡೆದದ್ದನ್ನು ಹೇಳಿಯೇ ಸೇರಿದೆ.

ಸಂಕ್ರಾಂತಿಗೆ ಕೆಲವು ದಿನ ಮೊದಲು ಮಹದೇವಮ್ಮ ಯಾರದೋ ಕೈಲಿ ಹೇಳಿಕಳಿಸಿದರು. ಸುಧಾ ಊರಿಗೆ ಬಂದಿದ್ದಾಳಂತೆ, ನೋಡಬೇಕು, ಜೊತೆಗೆ ಬಾ. ನರಸೀಪುರದಲ್ಲಿ ಬಸ್ಸು ಬದಲಿಸಿ ಬನ್ನೂರಿನ ಕಡೆ ಹೊರಟೆವು. ಕುಯಿಲು ಮುಗಿದು ಗದ್ದೆಗಳಲ್ಲಿ ಹುಲ್ಲಿನ ಮೆದೆಗಳು ನಿಂತಿದ್ದವು. ಬಸ್ಸಿಳಿದು ಮನೆಯವರೆಗಿನ ದೂರಕ್ಕೆ ನಾಲ್ಕು ಸಲ ನಿಂತರು.

ಸುಧಾ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಬಹಳ ಇಳಿದುಹೋಗಿದ್ದಳು. ನಮ್ಮನ್ನು ಕಂಡು ಅವಳ ಅತ್ತೆ ಒಳಗಿಂದ ಒಂದು ಚಾಪೆ ತಂದು ಹಾಸಿದರು. ಮಹದೇವಮ್ಮ ನಿಂತೇ ಇದ್ದರು. ನಾನೇ ಮೊದಲು ಹೇಳಿದೆ, ಫಿಲ್ಮು ಹೇಗೆ ತೆಗೆದೆ, ಡಾಕ್ಟರಿಗೆ ಏನು ಹೇಳಿದೆ, ಎಲ್ಲ. ಸುಧಾ ನನ್ನ ಕಡೆ ನೋಡಲಿಲ್ಲ. ಅವರನ್ನೇ ಕೇಳಿದಳು.

"ನಿಮ್ಗೆ ಕಾಲು ಆಗಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಕಣವ್ವ."

"ಗೊತ್ತಿದ್ದೂ ನನ್ನ ಎತ್ತುದ್ರಾ?"

ಮಹದೇವಮ್ಮ ಮೈಭಾರವನ್ನು ಬಲಗಾಲಿಗೆ ಹಾಕಿ ಎರಡೂ ಕೈಯಲ್ಲಿ ಊರುಗೋಲು ಹಿಡಿದುಕೊಂಡರು. ಸುಧಾಳ ಕಣ್ಣು ಆ ಕೈಗಳಿಂದ ಕೆಳಗಿಳಿದು ಚಾಪೆಯ ಮೇಲೆ ನಿಂತಿತು, ಮತ್ತೆ ಅವರ ಎಡಗಾಲಿಗೆ ಹೋಯಿತು.

"ಅತ್ತೆ, ಅವ್ರಿಗೆ ಕೆಳಗೆ ಕೂರಕ್ಕಾಗಲ್ಲ. ಕುರ್ಚಿ ಕೊಡಿ," ಅಂದಳು.

ಅಷ್ಟು ಹೇಳಿ ಮಗುವನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ನಿಧಾನವಾಗಿ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಅತ್ತೆ ಕಬ್ಬಿಣದ ಕುರ್ಚಿ ತಂದಿಟ್ಟರು, ನೀರು ಕೊಟ್ಟರು. ಮಹದೇವಮ್ಮ ಕಾಲು ನೀಡಿ ಕುಳಿತು ಬಾಗಿಲ ಕಡೆಗೇ ನೋಡುತ್ತಿದ್ದರು. ಒಳಗೆ ಮಗು ಒಂದು ಸಲ ಅತ್ತು ಸುಮ್ಮನಾಯಿತು. ಬಹಳ ಹೊತ್ತಿನ ಮೇಲೆ ಊರುಗೋಲು ಊರಿ ಎದ್ದರು. ನಾನು ಹಿಡಿದುಕೊಳ್ಳಲು ಹೋದೆ, ಬೇಡ ಎಂದು ತಲೆಯಾಡಿಸಿದರು.

ಬೀದಿಗೆ ಬಂದ ಮೇಲೆ ಹೇಳಿದರು. "ಸರ್ಯಾಗೇ ಕೇಳುದ್ಲು ಕಣ್ ಮಗ."